ಹಳೆಯ ಪ್ರಸಂಗಕ್ಕೆ ಹೊಸ ಅರ್ಥ

ನಮ್ಮ ಪುತ್ತೂರು, ಸುಳ್ಯ, ಕಡಬಗಳ ಕಡೆಯಲ್ಲಿ ಮಳೆಗಾಲವೆಂದರೆ ಮಾತಿನ ಕಾಲ. ಪತ್ತನಾಜೆಯಂದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ತರುವಾಯ. ನಡುವಣ ತಿಂಗಳುಗಳಲ್ಲಿ ದೇವಸ್ಥಾನದ ಚಾವಡಿಯಲ್ಲೋ ಮನೆಯ ಜಗಲಿಯಲ್ಲೋ ತಾಳಮದ್ದಳೆಯ ಕೂಟಗಳು ನಡೆಯುವುವು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುವರು. ಒಬ್ಬನು ರಾಮನಾಗಿ, ಮತ್ತೊಬ್ಬನು ವಾಲಿಯಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಿಂದ ಅದಕ್ಕೆ ಅರ್ಥ ಹೇಳುವರು. ಪದ್ಯವು ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ.

ಕಳೆದ ಆಷಾಢದಲ್ಲಿ ಬೆಂಗಳೂರಿನಿಂದ ನಾಲ್ಕು ದಿನಗಳ ಬಿಡುವಿಗೆ ಬಂದ ನನ್ನ ಮೊಮ್ಮಗನು ಜಗಲಿಯಲ್ಲಿ ಒಂದು ದೊಡ್ಡ ಭೂಪಟವನ್ನು ಹರಡಿ ಕುಳಿತಿದ್ದನು. “ಇದು ಯಾವ ಸೀಮೆಯಪ್ಪಾ?” ಎಂದು ಕೇಳಿದೆನು.

“ಎಲ್ಲಿಯೂ ಇಲ್ಲದ ಸೀಮೆ, ಅಜ್ಜಾ” ಎಂದನು.

ಅದು ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಆಟದ ಭೂಪಟ. 1974ರಲ್ಲಿ ಅಮೆರಿಕೆಯಲ್ಲಿ ಹೊರಟ ಈ ಆಟದಲ್ಲಿ ಒಬ್ಬನು ಕಥೆಯನ್ನು ನಡೆಸುವನು; ಉಳಿದವರು ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಪಾತ್ರಗಳನ್ನು ವಹಿಸಿ ಆಯಾ ಪಾತ್ರದ ಬಾಯಿಂದಲೇ ಮಾತಾಡುವರು. ಕೈಗೊಂಡ ಸಾಹಸವು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳವು ಹೇಳುವುದು. “ಹಾಗಾದರೆ ಇದು ದಾಳ ಹಿಡಿದ ತಾಳಮದ್ದಳೆಯೇ ಸರಿ” ಎಂದೆನು. ಹುಡುಗನು ನಕ್ಕನು, ಆದರೆ ಅವನಿಗೊಂದು ಚಿಂತೆಯಿತ್ತು.

ಅವನ ಗೆಳೆಯರ ಆಟ ನಡೆಯುವುದು 1987ರಲ್ಲಿ ಪ್ರಕಟವಾದ ‘ಫರ್ಗಾಟನ್ ರೆಲ್ಮ್ಸ್’ ಎಂಬ ಕಲ್ಪಿತ ಲೋಕದಲ್ಲಿ. ಈಚಿನ ಪುಸ್ತಕಗಳಲ್ಲಿ ಹೊಸ ಜನಾಂಗಗಳೂ ಹೊಸ ಮಂತ್ರವಿದ್ಯೆಗಳೂ ಬಂದಿವೆ. ಅವುಗಳನ್ನು ಸೇರಿಸಬೇಕೆಂದು ಕೆಲವರು, ಕೂಡದೆಂದು ಕೆಲವರು. 2008ರಲ್ಲಿ ಪ್ರಕಾಶಕರೇ ಆ ಲೋಕದ ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ತಳ್ಳಿ, ಒಂದು ಮಹೋತ್ಪಾತವನ್ನು ತಂದು, ಹಲವು ದೇವತೆಗಳನ್ನೂ ನಾಡುಗಳನ್ನೂ ಇಲ್ಲವಾಗಿಸಿದರಂತೆ. ಹಳೆಯ ಆಟಗಾರರಲ್ಲಿ ಬಹುಮಂದಿ ಮುನಿದರು. ಮುಂದಿನ ಆವೃತ್ತಿಯಲ್ಲಿ ಕಳೆದುದರಲ್ಲಿ ಎಷ್ಟನ್ನೋ ಮರಳಿ ತರಬೇಕಾಯಿತು. “ನಮ್ಮ ಕೂಟವೂ ಹಾಗೆ ಒಡೆದುಹೋದರೆ ಏನು ಮಾಡಲಿ, ಅಜ್ಜಾ?” ಎಂದು ಕೇಳಿದನು.

ಈ ಪ್ರಶ್ನೆಗೆ ಉತ್ತರವನ್ನು ನಾನು ಒಂದು ಅವಮಾನದಿಂದ ಕಲಿತವನು.

ಮೂವತ್ತು ವರ್ಷಗಳ ಹಿಂದೆ ಒಂದು ಮನೆಯಲ್ಲಿ ‘ವಾಲಿವಧೆ’ಯ ಕೂಟ. ವಾಲಿಯ ಪಾತ್ರ ನನ್ನ ಪಾಲಿಗೆ ಬಂದಿತ್ತು. ಆಗತಾನೇ ಈಗಿನ ಕಾಲದ ನ್ಯಾಯಪದ್ಧತಿಯ ಕುರಿತು ಓದಿದ್ದ ಉತ್ಸಾಹ. ಆರೋಪಿತನ ಮಾತನ್ನು ಕೇಳದೆ ದಂಡಿಸಬಹುದೇ? ಒಂದು ಪಕ್ಷದೊಡನೆ ಸಖ್ಯ ಮಾಡಿಕೊಂಡವನು ನ್ಯಾಯಾಧಿಪತಿಯಾಗಬಹುದೇ? ರಾಮನ ಅರ್ಥವನ್ನು ಹೇಳುತ್ತಿದ್ದ ಹಿರಿಯರು ಕೊಟ್ಟ ಒಂದೊಂದು ಸಮಾಧಾನವನ್ನೂ ಕತ್ತರಿಸಿ ಹಾಕಿದೆನು. ಸಭೆಯು ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಭಾಗವತರು ಮುಂದಿನ ಪದ್ಯವನ್ನು ಎತ್ತಿದರು: ವಾಲಿಯು ರಾಮನನ್ನು ಪರಮಾತ್ಮನೆಂದು ತಿಳಿದು ಕೈಮುಗಿಯುವ ಪದ್ಯ! ಒಂದು ಗಳಿಗೆಗೆ ಮುಂಚೆ ಪಕ್ಷಪಾತಿಯೆಂದು ಜರೆದ ಬಾಯಿಂದಲೇ ಸ್ತುತಿ ಹೊರಡಬೇಕು. ನಡುವೆ ನಾನು ಸೇತುವೆಯನ್ನು ಕಟ್ಟಿರಲಿಲ್ಲ. ಎರಡು ವಾಕ್ಯಗಳನ್ನು ತೊದಲಿದೆನು. ಹಿಂದಿನ ಸಾಲಿನಿಂದ ನಗೆ ಕೇಳಿಸಿತು.

ಮಂಗಳವಾದ ಮೇಲೆ ಆ ಹಿರಿಯರು, “ಮಾಷ್ಟ್ರೇ, ನಿಮ್ಮ ಪ್ರಶ್ನೆ ಒಳ್ಳೆಯದೇ. ಮುಂದಿನ ಪದ್ಯವನ್ನು ಮರೆತಿರಿ, ಅಷ್ಟೇ” ಎಂದರು. ಒಂದು ಮಳೆಗಾಲವಿಡೀ ನಾನು ಕೂಟಗಳಿಗೆ ಹೋಗಲಿಲ್ಲ. ಮರುವರ್ಷ ಅದೇ ವಾಲಿ, ಅದೇ ಪ್ರಶ್ನೆ. ಆದರೆ ಈ ಸಲ ಅದು ವಾದಿಯ ಪ್ರಶ್ನೆಯಾಗಿರಲಿಲ್ಲ, ಸಾಯುವ ತಂದೆಯ ಪ್ರಶ್ನೆಯಾಗಿತ್ತು. “ನಿನ್ನ ತಂದೆಯನ್ನು ಏತಕ್ಕೆ ಕೊಂದರೆಂದು ನಾಳೆ ಲೋಕವು ಅಂಗದನನ್ನು ಕೇಳಿದರೆ ಅವನು ಏನೆನ್ನಬೇಕು?” ಎಂದೆನು. ರಾಮನು ಅಂಗದನ ಭಾರವನ್ನು ಹೊರಲು ಒಪ್ಪಿದಾಗ ನನ್ನ ಕೈಗಳು ತಾವಾಗಿ ಜೋಡಿಸಿದುವು. ಹೊಸ ವಿಚಾರವೂ ಬಂದಿತು, ಪದ್ಯವೂ ಉಳಿಯಿತು.

ಪೂರ್ವಕವಿಗಳು ನಡೆದ ದಾರಿಯೂ ಇದೇ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸರ ಶಾಪವೂ ಇಲ್ಲ, ಕಳೆದುಹೋಗುವ ಉಂಗುರವೂ ಇಲ್ಲ. ಇವೆರಡನ್ನೂ ಕಾಳಿದಾಸನ ನಾಟಕದಲ್ಲಿ ಕಾಣುವೆವು. ಹಾಗಿದ್ದರೂ ಪತಿಪತ್ನಿಯರ ಪುನರ್ಮಿಲನವೂ ಭರತನ ಅಂಗೀಕಾರವೂ ತಪ್ಪಲಿಲ್ಲ. 941ರಲ್ಲಿ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ಕುರುಕ್ಷೇತ್ರವು ಮಾತ್ರ ಕುರುಕ್ಷೇತ್ರವಾಗಿಯೇ ನಿಂತಿತು.

ನಮ್ಮ ನೆರೆಯಲ್ಲಿಯೇ ನೋಡಿರಿ. ಪಡುಮಲೆಯಲ್ಲಿ ಬೆಳೆದು, ಪಂಜವನ್ನು ಹಾದು, ಎಣ್ಮೂರಿನ ಪಕ್ಷದಲ್ಲಿ ಕಾದಿ ಮಡಿದ ಕೋಟಿ ಚೆನ್ನಯರ ಪಾಡ್ದನದ ಕಥೆಯು ಇಪ್ಪತ್ತನೆಯ ಶತಮಾನದಲ್ಲಿ ಯಕ್ಷಗಾನದ ರಂಗವನ್ನೇರಿತು. ಪುರಾಣದ ರಾಜರಿಗಾಗಿ ಸಿದ್ಧವಾದ ರಂಗದಲ್ಲಿ ಗದ್ದೆಯ ನೀರಿಗಾಗಿ ಬುದ್ಯಂತನೊಡನೆ ನಡೆದ ಜಗಳಕ್ಕೆ ಎಡೆ ದೊರೆತಾಗ ರಂಗವೇ ಹಿಗ್ಗಿತು. ಅದೇ ವೀರರಿಗೆ ಅರ್ಜುನನ ಬಿರುದಾವಳಿಯನ್ನು ಹೊರಿಸಿದೆಡೆಯಲ್ಲಿ ದೇಯಿ ಬೈದೆತಿಯ ಮಕ್ಕಳು ಮರೆಯಾದರು. ಇನ್ನು ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾತನ್ನು ಬಹುವಾಗಿ ಕಳೆದು, ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದರು. ಅದನ್ನು ತಮ್ಮದೇ ಪ್ರತ್ಯೇಕ ಪ್ರಯೋಗವಾಗಿ ನಡೆಸಿದುದರಿಂದ ರಾತ್ರಿಯ ಬಯಲಾಟಕ್ಕೆ ಲೋಪ ಬರಲಿಲ್ಲ. ಬದಲಾವಣೆಯು ಬಲು ದೊಡ್ಡದಾದರೆ ಅದಕ್ಕೆ ಬೇರೆಯೇ ರಂಗವನ್ನು ಹಾಕುವುದು ಲೇಸು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿ, “ನಿನ್ನ ಗೆಳೆಯರು ಈ ತನಕ ಆಡಿದ ಆಟವೇ ನಿನ್ನ ಪದ್ಯ. ಅದನ್ನು ಅಳಿಸಬೇಡ. ಹಳೆಯದರಲ್ಲಿ ಯಾವ ಪ್ರಶ್ನೆಗೆ ಉತ್ತರವಿಲ್ಲವೋ ಅಲ್ಲಿಗೆ ಹೊಸದನ್ನು ಕರೆ. ಎದುರು ಕುಳಿತವನಿಗೆ ಮುಂಚಿತವಾಗಿ ತಿಳಿಸು” ಎಂದೆನು. ಅವನು ಬೆಂಗಳೂರಿಗೆ ಹಿಂದಿರುಗಿ, ಹೊಸ ಜನಾಂಗದವರನ್ನು ಹಡಗೊಡೆದು ದಡ ಸೇರಿದ ಪರದೇಶಿಗಳನ್ನಾಗಿ ಆಟದೊಳಗೆ ತಂದನಂತೆ. ಬೇಡವೆಂದಿದ್ದವರಲ್ಲೊಬ್ಬನು ತನ್ನ ಪಾತ್ರದಿಂದಲೇ ಅವರಿಗೆ ಅನ್ನವಿಕ್ಕಿದನು. ಇನ್ನೊಬ್ಬನು ಆಟವನ್ನೇ ಬಿಟ್ಟನು. ಎಲ್ಲರನ್ನೂ ಒಪ್ಪಿಸುವ ಅರ್ಥವನ್ನು ಹೇಳಿದವರು ನಮ್ಮ ಕೂಟಗಳಲ್ಲಿಯೂ ಇಲ್ಲ.

ವಾಚಕರ ಮನೆಗಳಲ್ಲಿಯೂ ಮಕ್ಕಳು ಇಂಥ ಭೂಪಟಗಳನ್ನು ಹರಡಿ ಕುಳಿತಿರಬಹುದು. ಗದರಿಸುವ ಮುನ್ನ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿರಿ. ಸಾಧ್ಯವಾದರೆ ಈ ಮಳೆಗಾಲದಲ್ಲಿ ಅವರನ್ನೊಂದು ತಾಳಮದ್ದಳೆಗೂ ಕರೆದೊಯ್ಯಿರಿ ಎಂದು ಅರಿಕೆಮಾಡಿ ವಿರಮಿಸುವೆನು.