ಹಳೆಯ ಪುಟ್ಟ ರೈಲು: ಕೊಳ್ಳುವ ಮುನ್ನ ತಿರುಗಿಸಿ ನೋಡಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಯಾರ್ಕ್ ಪಟ್ಟಣದ ಜಾತ್ರೆ ಮೈದಾನದಲ್ಲಿ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಲ್ಲಿ, ಒಂದು ವಿಶಿಷ್ಟ ಸಂತೆ ನೆರೆಯುತ್ತದೆ. ಅಲ್ಲಿ ಮಾರಾಟಕ್ಕಿರುವುದು ಆಟಿಕೆಯ ರೈಲುಗಳು. ಗೇಣುದ್ದದ ಎಂಜಿನ್‌ಗಳು, ತಗಡಿನ ಬೋಗಿಗಳು, ಹಳಿಯ ತುಂಡುಗಳು, ಕೊನೆಗೆ ಇವುಗಳನ್ನಿಟ್ಟಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳೂ ಅಲ್ಲಿ ಬಿಕರಿಯಾಗುತ್ತವೆ. 1954ರಲ್ಲಿ ಸ್ಥಾಪನೆಯಾದ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್ ಎಂಬ ಸಂಗ್ರಾಹಕರ ಸಂಘದ ಪೂರ್ವ ವಿಭಾಗ ಇದನ್ನು ನಡೆಸುತ್ತದೆ. ಇದೇ ಸರಕು ಈಗ ಇ-ಬೇಯಂತಹ ಅಂತರ್ಜಾಲ ಹರಾಜು ತಾಣಗಳಲ್ಲಿ ಹಗಲಿರುಳೂ ಲಭ್ಯ. ಆದರೆ ಎರಡು ಕಡೆಯ ವ್ಯಾಪಾರದ ರೀತಿ ಒಂದೇ ಅಲ್ಲ.

ಈ ಮಾರುಕಟ್ಟೆಯ ಬಹುಪಾಲು ಸರಕು ಲಯನೆಲ್ ಕಂಪನಿಯದು. ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದ ಈ ಸಂಸ್ಥೆ ಎರಡನೆಯ ಮಹಾಯುದ್ಧದ ವೇಳೆ ಆಟಿಕೆ ತಯಾರಿಕೆಯನ್ನು ನಿಲ್ಲಿಸಿ, 1945ರಲ್ಲಿ ಪುನರಾರಂಭಿಸಿತು. 1969ರಲ್ಲಿ ರೈಲು ತಯಾರಿಕೆಯ ಹಕ್ಕು ಜನರಲ್ ಮಿಲ್ಸ್ ಎಂಬ, ಬೆಳಗಿನ ಉಪಾಹಾರದ ಧಾನ್ಯ ಮಾರುವ ಕಂಪನಿಯ ಕೈ ಸೇರಿತು! ಈ ನಡುವಿನ ಕಾಲದ ರೈಲುಗಳಿಗೇ ಹೆಚ್ಚು ಬೇಡಿಕೆ. ಅಂದು ಕ್ರಿಸ್‌ಮಸ್ ಉಡುಗೊರೆಯಾಗಿ ಅವನ್ನು ಪಡೆದ ಬಾಲಕರು ಇಂದು ಎಂಬತ್ತರ ಆಸುಪಾಸಿನವರು. ಅವರು ಕಾಲವಾದಾಗ ಅಟ್ಟದ ಮೇಲಿನ ಪೆಟ್ಟಿಗೆಗಳು ಮಕ್ಕಳ ಪಾಲಿಗೆ ಬರುತ್ತವೆ. ತಂದೆ ಬಿಟ್ಟುಹೋದ ನಿಧಿಯೆಂದು ಮಕ್ಕಳು ಹಳೆಯ ಬೆಲೆಪಟ್ಟಿಯ ಪುಸ್ತಕ ತೆರೆಯುತ್ತಾರೆ. ಆದರೆ ಮಾರುವವರು ಹೆಚ್ಚಿ, ಕೊಳ್ಳುವವರು ಕಡಿಮೆಯಾಗಿರುವುದರಿಂದ ಸಾಮಾನ್ಯ ಮಾದರಿಗಳ ಬೆಲೆ ಹಿಂದಿನ ಮಟ್ಟದಿಂದ ಬಹಳ ಇಳಿದಿದೆ. ಆದ್ದರಿಂದ ನೋಡಬೇಕಾದದ್ದು ಮಾರುವವನು ಕೇಳಿದ ಬೆಲೆಯನ್ನಲ್ಲ, ಪುಸ್ತಕದಲ್ಲಿರುವುದನ್ನೂ ಅಲ್ಲ. ಅಂತಹುದೇ ವಸ್ತು ಇತ್ತೀಚೆಗೆ ನಿಜಕ್ಕೂ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನು. ಹರಾಜು ತಾಣದಲ್ಲಿ ಮುಗಿದ ಮಾರಾಟಗಳನ್ನು ಪ್ರತ್ಯೇಕವಾಗಿ ನೋಡುವ ಅನುಕೂಲವಿದೆ.

ಹೊಸಬರು ಮೋಸಹೋಗುವುದು ಮೊದಲು ಭಾಷೆಯಲ್ಲಿ. ಸಂಗ್ರಾಹಕರ ಸಂಘ ವಸ್ತುವಿನ ಸ್ಥಿತಿಗೆ ದರ್ಜೆಗಳನ್ನು ಗೊತ್ತುಪಡಿಸಿದೆ. ಮಿಂಟ್ ಎಂದರೆ ಬಳಸದೆ, ಒಂದು ಗೀರೂ ಇಲ್ಲದೆ ಮೂಲ ಪೆಟ್ಟಿಗೆಯಲ್ಲೇ ಇರುವಂಥದು. ಅನಂತರ ಕ್ರಮವಾಗಿ ಲೈಕ್ ನ್ಯೂ, ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಬರುತ್ತವೆ. ಈ ಏಣಿಯಲ್ಲಿ ‘ಗುಡ್’ ಇರುವುದು ಕೆಳಗಿನಿಂದ ಮೂರನೆಯ ಮೆಟ್ಟಿಲಲ್ಲಿ. ಗೀರು, ಸಣ್ಣ ತಗ್ಗು, ಕೊಳೆ ಇರುವ ವಸ್ತುವಿಗೆ ಆ ಹೆಸರು. ‘ಎಕ್ಸಲೆಂಟ್’ಗೂ ಕಂಡೂ ಕಾಣದ ಗೀರುಗಳಿರಬಹುದು, ಆದರೆ ತುಕ್ಕು ಸಲ್ಲದು. ಅಂತರ್ಜಾಲದಲ್ಲಿ ಮಾರುವವರೆಲ್ಲ ಈ ಅರ್ಥದಲ್ಲೇ ಪದಗಳನ್ನು ಬಳಸುತ್ತಾರೆಂಬ ಖಾತರಿಯಿಲ್ಲ. ‘ಪರೀಕ್ಷಿಸಿಲ್ಲ’ ಎಂಬ ಒಕ್ಕಣೆಯಂತೂ ಅನುಮಾನಕ್ಕೇ ಅರ್ಹ. ಅದೇ ಮಾರಾಟಗಾರ ಅದೇ ವಾರ ಟ್ರಾನ್ಸ್‌ಫಾರ್ಮರನ್ನೂ ಮಾರಾಟಕ್ಕಿಟ್ಟಿದ್ದರೆ, ಪರೀಕ್ಷಿಸಲು ಅವನಿಗಿದ್ದ ಅಡ್ಡಿಯೇನು? ಓಡದ ಎಂಜಿನ್‌ನ ಬೆಲೆ ಎಷ್ಟೋ ಅಷ್ಟನ್ನೇ ಕೂಗುವುದು ಅಲ್ಲಿ ಕ್ಷೇಮ.

ಛಾಯಾಚಿತ್ರಗಳು ಸಾಮಾನ್ಯವಾಗಿ ಎಂಜಿನ್‌ನ ಚೆಂದದ ಪಕ್ಕವನ್ನೇ ತೋರುತ್ತವೆ. ಕೇಳಿ ತರಿಸಿಕೊಳ್ಳಬೇಕಾದದ್ದು ಅಡಿಭಾಗದ ಚಿತ್ರ. ಲಯನೆಲ್‌ನ ಯುದ್ಧಾನಂತರದ ಅನೇಕ ಡೀಸೆಲ್ ಮಾದರಿಗಳಲ್ಲಿ ಹಾರ್ನ್ ಊದುವುದಕ್ಕೆ ಟಾರ್ಚಿನ ದಪ್ಪ ಸೆಲ್ ಹಾಕುತ್ತಿದ್ದರು. ಆಟ ಮುಗಿಸಿದ ಹುಡುಗ ಅದನ್ನು ತೆಗೆಯಲು ಮರೆತಿದ್ದರೆ, ಸೋರಿದ ರಾಸಾಯನಿಕ ದಶಕಗಳ ಕಾಲ ಚೌಕಟ್ಟನ್ನು ತಿಂದಿರುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗೆ ಲೋಹ ಬಿಳಿ ಹಸಿರು ಹುಡಿಯಾಗಿರಬಹುದು.

ಯುದ್ಧಪೂರ್ವದ ರೈಲುಗಳಿಗೆ ಇನ್ನೊಂದು ರೋಗ. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ ಗಾಲಿ, ಚೌಕಟ್ಟುಗಳಲ್ಲಿ ಸೀಸದ ಸೂಕ್ಷ್ಮ ಕಲ್ಮಶ ಸೇರಿಕೊಂಡಿದ್ದರೆ, ಲೋಹದ ಹರಳುಗಳ ಸಂದಿಯಲ್ಲಿ ಸವೆತ ಆರಂಭವಾಗುತ್ತದೆ. ಭಾಗ ಊದಿಕೊಳ್ಳುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಸೆಕೆ ಮತ್ತು ತೇವ ಇದನ್ನು ಚುರುಕುಗೊಳಿಸುತ್ತವೆ. ಇದಕ್ಕೆ ಮದ್ದಿಲ್ಲ, ಆ ಭಾಗವನ್ನೇ ಬದಲಿಸಬೇಕು. ಬ್ರಿಟನ್ನಿನ ಹಾರ್ನ್‌ಬಿ ರೈಲುಗಳನ್ನೂ ಈ ಪೀಡೆ ಬಿಟ್ಟಿಲ್ಲ.

ದುಬಾರಿ ವಸ್ತುಗಳಲ್ಲಿ ನಕಲಿಯ ಭಯವೂ ಉಂಟು. ಹೆಣ್ಣುಮಕ್ಕಳನ್ನು ಸೆಳೆಯಲೆಂದು ಲಯನೆಲ್ 1957ರಲ್ಲಿ ಗುಲಾಬಿ ಬಣ್ಣದ ಎಂಜಿನ್‌ನ ರೈಲೊಂದನ್ನು 49 ಡಾಲರ್ 95 ಸೆಂಟ್‌ಗೆ ಹೊರತಂದಿತು. ಬಾಲಕಿಯರು ಒಪ್ಪಲಿಲ್ಲ. ಅವರಿಗೂ ನಿಜವಾದ ರೈಲಿನಂತೆ ಕಪ್ಪಗಿರುವುದೇ ಬೇಕಿತ್ತು. ಮಾರಾಟವಾಗದ ಆ ರೈಲೇ ಇಂದು ಸಂಗ್ರಾಹಕರ ಕನಸು. ಹೀಗಾಗಿ ಅದೇ ಮಾದರಿಯ ಅಗ್ಗದ ಕಪ್ಪು ಎಂಜಿನ್‌ಗೆ ಗುಲಾಬಿ ಬಣ್ಣ ಬಳಿದು ಮಾರುವವರಿದ್ದಾರೆ. ಸಾಲದ್ದಕ್ಕೆ, 1991ರಲ್ಲಿ ಕಂಪನಿಯೇ ಮರುತಯಾರಿಸಿದ ರೈಲೂ ಚಲಾವಣೆಯಲ್ಲಿದೆ. ತಿರುಪಿನ ತಲೆ ಸವೆದಿದ್ದರೆ, ಕವಚದ ಒಳಮೂಲೆಯಲ್ಲಿ ಬೇರೆ ಬಣ್ಣ ಇಣುಕಿದರೆ ಪ್ರಶ್ನಿಸಬೇಕು. ಮರುಬಣ್ಣ ಬಳಿದದ್ದು ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು. ಮೂಲ ಪೆಟ್ಟಿಗೆಗಳ ನಕಲುಗಳೂ ಇರುವುದರಿಂದ ಪೆಟ್ಟಿಗೆಯನ್ನೇ ಸಾಕ್ಷಿಯೆಂದು ನಂಬುವಂತಿಲ್ಲ.

ಇವೆಲ್ಲವನ್ನೂ ಕೈಯಲ್ಲಿ ಹಿಡಿದು ನೋಡಬಹುದಾದದ್ದು ಸಂತೆಯ ಲಾಭ. ಚಿಕ್ಕ ಟಾರ್ಚ್, ಭೂತಗನ್ನಡಿ, ನಗದು ಹಣ ಜೊತೆಗಿರಲಿ. ಪರೀಕ್ಷೆಗೆಂದು ಇಟ್ಟ ಹಳಿಯಿದ್ದರೆ ಎಂಜಿನ್‌ನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ, ಅದರ ಸದ್ದನ್ನು ಆಲಿಸಿ, ಕಮಟು ವಾಸನೆ ಬರುತ್ತಿದೆಯೇ ಎಂದು ನೋಡಿ ಆಮೇಲೆ ಚೌಕಾಸಿಗಿಳಿಯಬಹುದು. ಒಳ್ಳೆಯ ಸರಕು ಬೆಳಿಗ್ಗೆಯೇ ಹೋಗಿಬಿಡುತ್ತದೆ ನಿಜ. ಆದರೆ ಸಂಜೆ ಭಾರದ ಪೆಟ್ಟಿಗೆಗಳನ್ನು ಮತ್ತೆ ಕಾರಿಗೆ ಹೊರುವ ಬೇಸರಕ್ಕೆ ವ್ಯಾಪಾರಿಯ ಮನಸ್ಸು ಮೆತ್ತಗಾಗುವುದೂ ಅಷ್ಟೇ ನಿಜ. ಅಂತರ್ಜಾಲದಲ್ಲಿ ಕೊಂಡದ್ದಕ್ಕೆ ಸಾಗಣೆಯ ಗಂಡಾಂತರ ಬೇರೆ. ಎರಕದ ಎಂಜಿನ್‌ನ್ನೂ ಪ್ಲಾಸ್ಟಿಕ್ ಬೋಗಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಸಡಿಲವಾಗಿಟ್ಟು ಕಳುಹಿಸಿದರೆ ತಲುಪುವುದು ಎಂಜಿನ್ ಮಾತ್ರ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸುತ್ತಲು ಹಣ ಕಟ್ಟುವ ಮೊದಲೇ ಬರೆದು ತಿಳಿಸಬೇಕು.

ಅಮೆರಿಕದಲ್ಲಿರುವ ಬಂಧುಗಳ ಮೂಲಕ ಇಂತಹ ರೈಲು ತರಿಸುವ ಕನ್ನಡಿಗರು ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು. ಲಯನೆಲ್ ರೈಲು ಮೂರು ಹಳಿಗಳ ಮೇಲೆ ಎ.ಸಿ. ವಿದ್ಯುತ್ತಿನಿಂದ ಓಡುವಂಥದು, 1:87 ಅಳತೆಯ ಎಚ್‌ಒ ರೈಲುಗಳಲ್ಲಿ ಹೆಚ್ಚಿನವು ಎರಡು ಹಳಿಗಳ ಮೇಲೆ 12 ವೋಲ್ಟ್ ಡಿ.ಸಿ.ಯಿಂದ ಓಡುತ್ತವೆ. ಒಂದರ ಟ್ರಾನ್ಸ್‌ಫಾರ್ಮರ್ ಇನ್ನೊಂದಕ್ಕೆ ಆಗದು. ಅಲ್ಲಿನ ಟ್ರಾನ್ಸ್‌ಫಾರ್ಮರ್ 120 ವೋಲ್ಟ್‌ಗೆ ಮಾಡಿದ್ದು, ಇಲ್ಲಿನ ಗೋಡೆಯ ಸಾಕೆಟ್ಟಿನಲ್ಲಿರುವುದು 230. ನೇರವಾಗಿ ಸಿಕ್ಕಿಸಿದರೆ ಅದು ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಸಾಧನ ನಡುವೆ ಇರಲೇಬೇಕು. ಹಾಗೆಯೇ ಎಪ್ಪತ್ತು ವರ್ಷ ಹಳೆಯ ವೈರಿನ ಹೊದಿಕೆ ಬಗ್ಗಿಸಿದೊಡನೆ ಉದುರುತ್ತಿದ್ದರೆ, ಅದನ್ನು ಬದಲಾಯಿಸದೆ ಸ್ವಿಚ್ ಹಾಕಕೂಡದು.