ಕಾಲಾಣಿನಾ? ಮೊದಲು ಶೂ ನೋಡಿ

ಎಡಗಾಲಿನ ಕಿರುಬೆರಳ ಮೇಲೆ ಕಡಲೆಬೇಳೆಯಷ್ಟು ಗಟ್ಟಿ ಚರ್ಮ. ನೋಡೋಕೆ ಏನೂ ಇಲ್ಲ. ಶೂ ಹಾಕಿ ನಾಲ್ಕು ಹೆಜ್ಜೆ ಇಟ್ಟರೆ ಮಾತ್ರ ಒಳಗೆ ಮುಳ್ಳು ಮುರಿದ ಹಾಗೆ ಚುರ್ ಅನ್ನುತ್ತೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಆಣಿ ಕಣೋ ಅದು. ಎಕ್ಕದ ಹಾಲು ಹಚ್ಚು, ಉದುರಿಹೋಗುತ್ತೆ" ಅಂದಳು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎಕ್ಕದ ಗಿಡ ಎಲ್ಲಿಂದ ತರಲಿ? ಸಿಗದೇ ಇದ್ದದ್ದೇ ಒಳ್ಳೆಯದಾಯ್ತು. ಆ ಹಾಲು ಚರ್ಮವನ್ನು ಸುಡುತ್ತೆ. ಕೈಗೆ ಅಂಟಿದ್ದು ಮರೆತು ಕಣ್ಣುಜ್ಜಿಕೊಂಡರಂತೂ ಕಣ್ಣಿಗೇ ಅಪಾಯ. ಹಸಿ ಬೆಳ್ಳುಳ್ಳಿ ಜಜ್ಜಿ ರಾತ್ರಿಯಿಡೀ ಕಟ್ಟಿಕೊಳ್ಳೋದೂ ಅಷ್ಟೇ. ಆಣಿ ಹಾಗೇ ಉಳಿದು, ಸುತ್ತಲಿನ ಒಳ್ಳೆ ಚರ್ಮ ಬೊಬ್ಬೆ ಏಳಬಹುದು.

ಅಸಲಿಗೆ ಆಣಿ ಅಂಟುರೋಗವಲ್ಲ. ಒಂದೇ ಜಾಗಕ್ಕೆ ದಿನಾ ಒತ್ತಡ, ತಿಕ್ಕಾಟ ಬಿದ್ದಾಗ ತನ್ನನ್ನು ಕಾಪಾಡಿಕೊಳ್ಳಲು ಚರ್ಮ ಪದರ ಪದರವಾಗಿ ದಪ್ಪವಾಗುತ್ತೆ. ಅದರ ನಡುಭಾಗ ಮೊಳೆಯ ಹಾಗೆ ಒಳಮುಖವಾಗಿ ಒತ್ತುತ್ತೆ, ಅದಕ್ಕೇ ಆ ನೋವು. ಹಾಗಾಗಿ ಆಣಿಯನ್ನು ಎಷ್ಟು ಚೆನ್ನಾಗಿ ತೆಗೆದರೂ ಅದೇ ಶೂ ಹಾಕಿದರೆ ಮತ್ತೆ ಬರುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಬಗ್ ಇರೋದು ಶೂನಲ್ಲಿ, ನಾವು ಪ್ಯಾಚ್ ಹಚ್ಚುತ್ತಿರೋದು ಕಾಲಿಗೆ.

ನಿಮ್ಮ ಶೂ ಪರೀಕ್ಷಿಸೋದು ಸುಲಭ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಯಿರಿ, ಅದರ ಮೇಲೆ ಶೂ ಇಡಿ. ನನ್ನ ಫಾರ್ಮಲ್ ಶೂನ ಎರಡೂ ಬದಿಯಲ್ಲಿ ಗೆರೆ ಹೊರಗೆ ಇಣುಕುತ್ತಿತ್ತು! ಹೊಸ ಶೂ ಕೊಳ್ಳೋದಾದರೆ ಸಂಜೆ ಹೋಗಿ. ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ.

ಅಂಗಾಲಿನಲ್ಲಿದ್ದರೆ ಅದು ಆಣಿಯೋ ನರಹುಲಿಯೋ ನೋಡಿಕೊಳ್ಳಿ. ನೇರವಾಗಿ ಒತ್ತಿದಾಗ ನೋವಾದರೆ ಸಾಮಾನ್ಯವಾಗಿ ಆಣಿ. ಎರಡು ಬದಿಯಿಂದ ಹಿಂಡಿದಾಗ ಹೆಚ್ಚು ನೋವಾಗಿ, ಒಳಗೆ ಸಣ್ಣ ಕಪ್ಪು ಚುಕ್ಕೆ ಕಂಡರೆ ನರಹುಲಿ ಇರಬಹುದು. ಅದು ವೈರಸ್‌ನಿಂದ ಬರೋದು, ಉಜ್ಜಿದರೆ ಹರಡುತ್ತೆ. ಡಾಕ್ಟರಿಗೆ ತೋರಿಸಿ.

ನಾನು ಮಾಡಿದ್ದು ಇಷ್ಟೇ: ರಾತ್ರಿ 10-15 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಚರ್ಮ ಮೆತ್ತಗಾದ ಮೇಲೆ ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಹರಳೆಣ್ಣೆ ಹಚ್ಚಿ ಸಾಕ್ಸ್ ಹಾಕಿ ಮಲಗಿದ್ದು. ಹರಳೆಣ್ಣೆ ಆಣಿಯನ್ನು ಕರಗಿಸಲ್ಲ, ಚರ್ಮ ಮೆತ್ತಗಿಡುತ್ತೆ ಅಷ್ಟೇ. ಒಂದೇ ದಿನ ಪೂರ್ತಿ ಉಜ್ಜಿ ತೆಗೆಯೋ ಹಟ ಬೇಡ. ಬ್ಲೇಡ್ ಅಂತೂ ಬೇಡವೇ ಬೇಡ. ಅಗಲದ ಶೂ ಜೊತೆ ಸೇರಿ ನನಗೆ ಮೂರು ವಾರ ಹಿಡಿಯಿತು. ಬೆರಳ ಸಂದಿನ ಆಣಿಗೆ ಮಾತ್ರ ಎಣ್ಣೆ ಬೇಡ, ಅಲ್ಲಿ ಒಣಗಿರಬೇಕು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಆತುರಕ್ಕೆ ಮೊದಲೇ ಕೊಂಡಿದ್ದ ಕಾರ್ನ್ ಕ್ಯಾಪ್ ಉಳಿದಿತ್ತು, ಊರಿಗೆ ಹೋದಾಗ ಅಪ್ಪನಿಗೆ ಕೊಟ್ಟು ಬಂದೆ. ಅವರ ಅಂಗಾಲಲ್ಲೂ ಆಣಿ ಇತ್ತು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯೂ ಇದೆ. ಅದು ನನಗೆ ಆ ಕ್ಷಣ ನೆನಪಾಗಲೇ ಇಲ್ಲ. ಆ ಪಟ್ಟಿಯಲ್ಲಿರೋ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿ ಯಾವುದು, ಒಳ್ಳೆ ಚರ್ಮ ಯಾವುದು ಗೊತ್ತಾಗಲ್ಲ. ನಮಗಾದರೆ ಉರಿ ಶುರುವಾದ ಕೂಡಲೇ ಕಿತ್ತು ಹಾಕುತ್ತೇವೆ. ಅಪ್ಪನ ಪಾದಕ್ಕೆ ಸ್ಪರ್ಶ ಕಡಿಮೆಯಾಗಿತ್ತು, ಉರಿಯೇ ತಿಳಿಯಲಿಲ್ಲ. ಸಾಕ್ಸ್ ಒದ್ದೆಯಾಗಿದ್ದನ್ನು ನೋಡಿದ್ದು ಅಮ್ಮ. ಆಮೇಲೆ ಎರಡು ತಿಂಗಳು ಡ್ರೆಸ್ಸಿಂಗ್. "ಇನ್ನೂ ಒಂದು ವಾರ ಬಿಟ್ಟಿದ್ದರೆ..." ಅಂತ ಡಾಕ್ಟರ್ ಮಾತು ನಿಲ್ಲಿಸಿದ್ದು ಈಗಲೂ ಕಿವಿಯಲ್ಲಿದೆ.

ಸಕ್ಕರೆ ಕಾಯಿಲೆ ಇರುವವರ, ಕಾಲಿಗೆ ರಕ್ತಸಂಚಾರ ಕಡಿಮೆ ಇರುವವರ ಆಣಿಗೆ ಕಲ್ಲು, ಪಟ್ಟಿ, ಎಕ್ಕದ ಹಾಲು ಯಾವುದೂ ಬೇಡ, ನೇರ ಡಾಕ್ಟರ ಹತ್ತಿರ ಹೋಗಿ. ದಿನಾ ಅಂಗಾಲು ನೋಡಿಕೊಳ್ಳಬೇಕು, ಬಗ್ಗೋಕೆ ಆಗದಿದ್ದರೆ ಕನ್ನಡಿ ಇಟ್ಟು.

ಈಗ ಹಬ್ಬಕ್ಕೆ ಊರಿಗೆ ಹೋದಾಗ ಕಾಲಿಗೆ ನಮಸ್ಕಾರ ಮಾಡಿ, ಹಾಗೇ ಪಾದ ಎತ್ತಿ ಅಡಿಯನ್ನೂ ನೋಡುತ್ತೇನೆ. "ಇದೇನೋ ಹೊಸ ಥರದ ನಮಸ್ಕಾರ" ಅಂತಾರೆ ಅಪ್ಪ.