ಎರಡು ಕ್ಲಿಕ್ಕಿನ ಹಿಂದೆ ನಾಲ್ಕು ಕೆಲಸ

ಸರಳ ಲೋಲಕದ ಪ್ರಯೋಗವನ್ನು ನೀವೆಲ್ಲರೂ ಮಾಡಿರುತ್ತೀರಿ. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಗಳಿಗೆ 40.2 ಸೆಕೆಂಡು ತೆಗೆದುಕೊಂಡರೆ ಗುರುತ್ವ ವೇಗೋತ್ಕರ್ಷ 9.77 ಮೀ/ಸೆ² ಎಂದು ಬರುತ್ತದೆ. ಇದು ಮೈಸೂರಿನ ಬೆಲೆಯಾದ ಸುಮಾರು 9.78ಕ್ಕೆ ತೀರ ಸಮೀಪ. ಈ ಲೆಕ್ಕ ಮಾಡುವ ಹತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಬರೆದು ನಮ್ಮ ಪ್ರಯೋಗಶಾಲೆಯ ಗಣಕಗಳಲ್ಲಿ ಇಟ್ಟಿದ್ದೆ. ವಿದ್ಯಾರ್ಥಿನಿಯೊಬ್ಬಳು ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದಳು. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು. "ಸರ್, ಪ್ರೋಗ್ರಾಮ್ ಕೆಟ್ಟಿದೆ" ಎಂದು ಆಕೆ ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡಳು. ಪ್ರೋಗ್ರಾಮ್ ಕೆಟ್ಟಿರಲಿಲ್ಲ. ಉತ್ತರ ಬಂದಿತ್ತು, ಆದರೆ ಓದಲು ಬಿಡುವು ಸಿಗಲಿಲ್ಲ. ತಪ್ಪು ನನ್ನದೇ.

ಟರ್ಮಿನಲ್‌ನಲ್ಲಿ ಆದೇಶ ಕೊಡುವಾಗ ನಮಗೆ ಅರಿವಿಲ್ಲದೆಯೇ ನಾಲ್ಕು ವಿಷಯಗಳನ್ನು ಪೂರೈಸಿರುತ್ತೇವೆ. ಕ್ಲಿಕ್ಕಿಗೆ ಓಡಬೇಕಾದರೆ ಇವನ್ನು ಮೊದಲೇ ಬರೆದಿಡಬೇಕು.

ಮೊದಲನೆಯದು, ಸ್ಕ್ರಿಪ್ಟನ್ನು ಯಾರು ಓದಬೇಕು ಎಂಬುದು. ಲಿನಕ್ಸ್‌ನಲ್ಲಿ ಕಡತದ ಮೊದಲ ಎರಡು ಚಿಹ್ನೆಗಳು #! ಆಗಿದ್ದರೆ, ಅದೇ ಸಾಲಿನಲ್ಲಿ ಮುಂದೆ ಹೆಸರಿಸಿದ ಪ್ರೋಗ್ರಾಮಿಗೆ ಕರ್ನೆಲ್ ಕಡತವನ್ನು ಒಪ್ಪಿಸುತ್ತದೆ. ಈ ಏರ್ಪಾಡನ್ನು ಯೂನಿಕ್ಸ್‌ಗೆ 1980ರಲ್ಲಿ ತಂದವರು ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ. ವಿಂಡೋಸ್ ಮಾತ್ರ ಕಡತದ ಹೆಸರಿನ ಕೊನೆಯ ಬಾಲವನ್ನು ನೋಡಿ ನಿರ್ಧರಿಸುತ್ತದೆ. ಇಲ್ಲೊಂದು ಎಚ್ಚರಿಕೆ: ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದ ಸ್ಕ್ರಿಪ್ಟಿನ ಸಾಲುಗಳ ತುದಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆ ಸೇರಿರುತ್ತದೆ. ಅದನ್ನೂ ಹೆಸರಿನ ಭಾಗವೆಂದು ತಿಳಿದು, ಅಂಥ ಪ್ರೋಗ್ರಾಮ್ ಇಲ್ಲವೆಂದು ಲಿನಕ್ಸ್ ದೂರುತ್ತದೆ.

ಎರಡನೆಯದು ಅನುಮತಿ. ಲಿನಕ್ಸ್‌ನಲ್ಲಿ ಹೊಸ ಕಡತಕ್ಕೆ ಓಡುವ ಹಕ್ಕು ತಾನಾಗಿ ಬರುವುದಿಲ್ಲ. ಸಿಎಚ್‌ಮಾಡ್ ಆದೇಶದಿಂದಲೋ ಕಡತದ ಗುಣಲಕ್ಷಣಗಳ ಪುಟದಿಂದಲೋ ಅದನ್ನು ಕೊಡಬೇಕು. ಫ್ಯಾಟ್ ಮಾದರಿಯ ಪೆನ್ ಡ್ರೈವ್ ಈ ಹಕ್ಕನ್ನು ನೆನಪಿಡಲಾರದು. ಆದ್ದರಿಂದ ಪೆನ್ ಡ್ರೈವ್‌ನಿಂದ ನಕಲು ಮಾಡಿದ ಮೇಲೆ ಅನುಮತಿಯನ್ನು ಮತ್ತೆ ಪರೀಕ್ಷಿಸಿ.

ಮೂರನೆಯದು, ಯಾವ ಫೋಲ್ಡರಿನಲ್ಲಿ ನಿಂತು ಓಡಬೇಕು ಎಂಬುದು. ಅಳತೆಗಳ ಕಡತ ಸ್ಕ್ರಿಪ್ಟಿನ ಪಕ್ಕದಲ್ಲೇ ಇದ್ದರೂ "ಕಡತ ಸಿಗಲಿಲ್ಲ" ಎಂಬ ದೋಷ ಬರಲು ಸಾಮಾನ್ಯ ಕಾರಣ ಇದೇ. ಕ್ಲಿಕ್ಕಿನಿಂದ ಹೊರಟ ಸ್ಕ್ರಿಪ್ಟ್ ಹಲವು ವೇಳೆ ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ನಿಂತು ಹುಡುಕುತ್ತಿರುತ್ತದೆ.

ನಾಲ್ಕನೆಯದು ಕಿಟಕಿ. ಕೆಲಸ ಮುಗಿದೊಡನೆ ಕಿಟಕಿ ಮುಚ್ಚುವುದು ಸಹಜ. ಸ್ಕ್ರಿಪ್ಟಿನ ಕೊನೆಯಲ್ಲಿ "ಮುಗಿಸಲು ಎಂಟರ್ ಒತ್ತಿ" ಎಂದು ಕಾಯುವ ಒಂದು ಸಾಲು ಸೇರಿಸಿದರೆ ಉತ್ತರ ಉಳಿಯುತ್ತದೆ. ಆದರೆ ಪ್ರೋಗ್ರಾಮ್ ನಡುವೆಯೇ ಎಡವಿದರೆ ಆ ಸಾಲನ್ನು ತಲುಪುವುದೇ ಇಲ್ಲ. ಆದ್ದರಿಂದ ಕಾಯುವ ಕೆಲಸವನ್ನು ಪೈಥಾನನ್ನು ಕರೆಯುವ ಹೊರಗಿನ ಕಡತಕ್ಕೆ ವಹಿಸುವುದು ಮೇಲು. ಆಗ ದೋಷಸಂದೇಶವನ್ನೂ ಓದಬಹುದು.

ಈ ಹೊರಗಿನ ಕಡತ ವಿಂಡೋಸ್‌ನಲ್ಲಿ ಬ್ಯಾಚ್ ಕಡತ. ಫೋಲ್ಡರಿಗೆ ಹೋಗುವ ಸಾಲು, ಪೈಥಾನನ್ನು ಕರೆಯುವ ಸಾಲು, ಪಾಸ್ ಎಂಬ ಸಾಲು, ಇಷ್ಟೇ ಸಾಕು. ಲಿನಕ್ಸ್‌ನಲ್ಲಿ ಇವೇ ಮೂರು ಕೆಲಸ ಮಾಡುವ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದು, ಅದನ್ನು ಕರೆಯುವ 'ಡೆಸ್ಕ್‌ಟಾಪ್' ಬಾಲದ ಕಡತವನ್ನು ಮಾಡಿ. ಅದರಲ್ಲಿ ಎಕ್ಸೆಕ್ ಮುಂದೆ ಆ ಶೆಲ್ ಸ್ಕ್ರಿಪ್ಟಿನ ಪೂರ್ಣ ವಿಳಾಸ, ಪಾತ್ ಮುಂದೆ ಫೋಲ್ಡರ್, ಟರ್ಮಿನಲ್ ಮುಂದೆ ಟ್ರೂ ಎಂದಿರಲಿ. ನೇಮ್ ಮುಂದೆ ಯೂನಿಕೋಡ್ ಕನ್ನಡದಲ್ಲೇ 'ಸರಳ ಲೋಲಕ' ಎಂದು ಬರೆಯಬಹುದು. ಪರದೆಯ ಮೇಲೆ ಆ ಹೆಸರೇ ಕಾಣುತ್ತದೆ. ಉಬುಂಟುವಿನಲ್ಲಿ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾರಂಭಕ್ಕೆ ಒಮ್ಮೆ ಒಪ್ಪಿಗೆ ಕೊಡಬೇಕು. ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಗಣಕಕ್ಕೆ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಬೇಕು.

"ಇಷ್ಟೊಂದು ಅಪ್ಪಣೆ ಏಕೆ?" ಎಂದು ನೀವು ಕೇಳಬಹುದು. 2000ದ ಮೇ ತಿಂಗಳಿನಲ್ಲಿ ಪ್ರೇಮಪತ್ರದ ವೇಷದಲ್ಲಿ 'ಐ ಲವ್ ಯು' ಎಂಬ ಇ-ಮೇಲ್ ಜಗತ್ತನ್ನೆಲ್ಲ ಕಾಡಿತು. ಅದರೊಂದಿಗಿದ್ದ ಲಗತ್ತು ನಿಜಕ್ಕೂ ಒಂದು ಸ್ಕ್ರಿಪ್ಟ್. ವಿಂಡೋಸ್ ಹೆಸರಿನ ಬಾಲವನ್ನು ಮರೆಮಾಡಿದ್ದರಿಂದ ಅದು ಬರೀ ಪಠ್ಯದ ಕಡತದಂತೆ ಕಂಡಿತು. ಎರಡು ಕ್ಲಿಕ್ಕಿಗೆ ಅದು ಓಡಿತು, ಕಡತಗಳನ್ನು ಅಳಿಸಿತು, ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನೇ ಕಳುಹಿಸಿಕೊಂಡಿತು. ಕ್ಲಿಕ್ಕಿನ ಸುಲಭತೆ ಒಳ್ಳೆಯ ಸ್ಕ್ರಿಪ್ಟಿಗೂ ಕೆಟ್ಟದ್ದಕ್ಕೂ ಒಂದೇ. ಆದ್ದರಿಂದ ಪರರ ಸ್ಕ್ರಿಪ್ಟಿಗೆ ಅನುಮತಿ ಕೊಡುವ ಮೊದಲು ಪಠ್ಯ ಸಂಪಾದಕದಲ್ಲಿ ತೆರೆದು ಓದಿ. ಕಡತಗಳ ಬಾಲ ಕಾಣುವಂತೆಯೂ ಮಾಡಿಕೊಳ್ಳಿ.

ಉಪಾಧ್ಯಾಯ ಮಿತ್ರರಿಗೆ ಒಂದು ಸೂಚನೆ: ಐಕಾನ್ ಸಿದ್ಧಮಾಡಿ ಕೊಡಿ, ಆದರೆ ಒಮ್ಮೆಯಾದರೂ ಟರ್ಮಿನಲ್‌ನಲ್ಲೇ ಓಡಿಸಿ ತೋರಿಸಿ. ಕ್ಲಿಕ್ ವಿಫಲವಾದಾಗ ಕಾರಣ ಹೇಳುವುದು ಆ ಕಪ್ಪು ಕಿಟಕಿಯೇ. ಅದನ್ನು ಓದಬಲ್ಲ ವಿದ್ಯಾರ್ಥಿ ಪ್ರೋಗ್ರಾಮ್ ಕೆಟ್ಟಿದೆ ಎಂದು ಸುಮ್ಮನಾಗುವುದಿಲ್ಲ. ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತಾನೆ.